ತಿಂಗಳೂರಿನ ತುಲಾಭಾರ

ತಿಂಗಳೂರಿನಲ್ಲಿ ವಾರಕ್ಕೊಮ್ಮೆ ಎಲ್ಲರೂ ಹಲಗೆ ಹತ್ತಲೇಬೇಕು. ಅದು ಅಲ್ಲಿಯ ಕಾನೂನು. ಮೇಲಧಿಕಾರಿಯಾಗಲಿ, ಮಂಜು ಅಗೆಯುವವನಾಗಲಿ, ಅಡುಗೆಮನೆಯ ಮುದುಕಿಯಾಗಲಿ, ಚಪ್ಪಲಿ ಬಿಚ್ಚಿ, ಗೋಡೆಗೆ ಬೆನ್ನು ಹಚ್ಚಿ, ಗದ್ದ ನೆಟ್ಟಗಿಟ್ಟು ನಿಂತುಬಿಟ್ಟರೆ ಮುಗಿಯಿತು. ಹಲಗೆ ತೂಕ ಹೇಳುತ್ತದೆ, ಗೋಡೆ ಎತ್ತರ ಹೇಳುತ್ತದೆ, ಯಂತ್ರ ಎರಡನ್ನೂ ಸೇರಿಸಿ ಒಂದು ಅಂಕಿ ಮಾಡಿ ಒಳಕೋಣೆಗೆ ಕಳಿಸುತ್ತದೆ. ಆ ಕೋಣೆಯಲ್ಲಿ ಕೂತು ಊರಿನ ಅಂಕಿಗಳನ್ನೆಲ್ಲ ನೋಡಿಕೊಳ್ಳುವವಳು ನೀಲಾಂಬಿಕಾ.

ಅಂಕಿಯ ಲೆಕ್ಕ ದೊಡ್ಡ ವಿದ್ಯೆಯೇನಲ್ಲ. ಎತ್ತರವನ್ನು ಮೀಟರಿನಲ್ಲಿ ತೆಗೆದುಕೊಂಡು ಅದನ್ನು ಅದರಿಂದಲೇ ಗುಣಿಸಬೇಕು. ಬಂದದ್ದರಿಂದ ಕಿಲೋ ತೂಕವನ್ನು ಭಾಗಿಸಬೇಕು, ಅಷ್ಟೆ. ಭೂಮಿಯ ಮೇಲೆ ಇದಕ್ಕೆ ದೇಹತೂಕ ಸೂಚ್ಯಂಕ ಎಂದು ಉದ್ದನೆಯ ಹೆಸರಿದೆ. ತಿಂಗಳೂರಿನವರಿಗೆ ಅಷ್ಟುದ್ದ ಹೇಳುವ ಪುರಸೊತ್ತಿಲ್ಲ, ಬರೀ ‘ಅಂಕಿ’ ಎನ್ನುತ್ತಾರೆ. ಹದಿನೆಂಟೂವರೆಗಿಂತ ಕೆಳಗೆ ಬಂದರೆ ನೀಲಿ ದೀಪ, ಮೈಯಲ್ಲಿ ಕಸುವು ಸಾಲದು ಎಂದು. ಅಲ್ಲಿಂದ ಇಪ್ಪತ್ಮೂರರವರೆಗೆ ಹಸಿರು. ಇಪ್ಪತ್ಮೂರು ದಾಟಿದರೆ ಹಳದಿ, ಇಪ್ಪತ್ತೈದು ದಾಟಿದರೆ ಕೆಂಪು. ಬೇರೆ ಕೆಲವು ದೇಶದವರಿಗೆ ಗೆರೆ ಇನ್ನೂ ಸ್ವಲ್ಪ ಮೇಲಿರುತ್ತದಂತೆ; ನಮ್ಮ ಕಡೆಯ ಮೈಗಳಲ್ಲಿ ಕೊಬ್ಬು ಬೇಗ ಒಳಗೆ ಸೇರುತ್ತದೆ, ಸಕ್ಕರೆ ಕಾಯಿಲೆ ಬೇಗ ಹಿಡಿಯುತ್ತದೆ ಎಂದು ಹಿಂದಿನ ವೈದ್ಯರು ಗೆರೆಯನ್ನು ಕೆಳಗೆಳೆದಿದ್ದರು. ಒಳ್ಳೆಯ ಗೆರೆಯೇ. ಎಷ್ಟೋ ಜನರನ್ನು ಬದುಕಿಸಿದ ಗೆರೆ. ಆದರೆ ಎಳೆದವರು ಭೂಮಿಯ ಮೇಲೆ, ಭೂಮಿಯ ಜನರನ್ನು ನೋಡಿ ಎಳೆದಿದ್ದರು. ಅದನ್ನು ಮಡಚಿ ಗಂಟು ಕಟ್ಟಿಕೊಂಡು ಚಂದ್ರನಿಗೆ ಒಯ್ದವರು ನಾವು.

ಹೌದು, ಚಂದ್ರನಿಗೇ. ತಿಂಗಳೂರು ಇರುವುದು ಚಂದ್ರನ ದಕ್ಷಿಣದ ತುದಿಯಲ್ಲಿ. ಬಿಸಿಲು ಎಂದೂ ಮುಟ್ಟದ ಕುಳಿಗಳಲ್ಲಿ ಕಲ್ಲಾಗಿ ಕೂತ ಮಂಜನ್ನು ಅಗೆದು, ಕರಗಿಸಿ, ನೀರು ಮಾಡುವುದು ಅಲ್ಲಿಯವರ ಕಸುಬು. ಗುತ್ತಿಗೆ ಹಿಡಿದವರು ಗದಗ, ಕೊಪ್ಪಳದ ಕಡೆಯ ಗಣಿ ಕೆಲಸದವರನ್ನು ಮನೆಮಂದಿ ಸಮೇತ ಕರೆದೊಯ್ದಿದ್ದರಿಂದ ಅಲ್ಲಿ ಜೋಳದ ರೊಟ್ಟಿಯೂ ಇದೆ, ನೀರಿನ ಸರದಿಗೆ ಜಗಳವೂ ಇದೆ. ಬೆಳೆಯುವ ಎಲುಬಿಗೆ ಆ ಊರು ಸಲ್ಲದು ಎಂದು ಮಕ್ಕಳಿಗೆ ಮಾತ್ರ ಅಪ್ಪಣೆಯಿಲ್ಲ. ಹಾಗಾಗಿ ನೀಲಾಂಬಿಕಾ ಮತ್ತು ಅವಳ ಗಂಡ ಅಡಿವೆಪ್ಪ ಮಗಳು ಇಂಚರಾಳನ್ನು ಹುಬ್ಬಳ್ಳಿಯಲ್ಲಿ ಚಿಕ್ಕಮ್ಮನ ಮನೆಯಲ್ಲಿ ಬಿಟ್ಟು ಬಂದಿದ್ದರು. ಅದಾಗಿ ಒಂಬತ್ತು ವರ್ಷ. ಆಗ ಎರಡು ಜಡೆಯ ಹುಡುಗಿ. ಈಗ ಮದುವೆ ಗೊತ್ತಾಗಿತ್ತು.

ಆ ಊರಿನಿಂದ ಭೂಮಿ ನೆತ್ತಿಯ ಮೇಲೆ ಕಾಣುವುದಿಲ್ಲ. ದೂರದ ದಿಬ್ಬಗಳ ಅಂಚಿನಲ್ಲಿ, ಹೆಚ್ಚು ಕಡಿಮೆ ಒಂದೇ ಜಾಗದಲ್ಲಿ, ತಿಂಗಳಿಗೊಮ್ಮೆ ತುಸು ಏರುತ್ತ ತುಸು ಇಳಿಯುತ್ತ ಕೂತಿರುತ್ತದೆ. ಒಂಬತ್ತು ವರ್ಷ ನೋಡಿದರೂ ನೀಲಾಂಬಿಕಾಳಿಗೆ ಅದು ಹಳೆಯದಾಗಿರಲಿಲ್ಲ. ಕಿಟಕಿಗೆ ಹಣೆ ಹಚ್ಚಿ ನಿಂತರೆ ಎದೆ ಝಲ್ಲೆನ್ನುತ್ತಿತ್ತು. ಅಷ್ಟು ನೀಲಿ, ಅಷ್ಟು ಬೆಳಕು, ಅದರೊಳಗೆಲ್ಲೋ ಒಂದು ಚುಕ್ಕೆಯಷ್ಟೂ ಕಾಣದ ಹುಬ್ಬಳ್ಳಿ, ಅಲ್ಲಿ ತನ್ನ ಮಗಳು ಈಗ ಬಳೆ ಆರಿಸುತ್ತಿರಬಹುದು ಎಂದು ಅಂದುಕೊಳ್ಳುತ್ತಿದ್ದಳು.

ಆ ವರ್ಷ ಮೊದಲ ಬಾರಿಗೆ ನೇರ ನೌಕೆ ಬರುವುದೆಂದು ಗೊತ್ತಾಯಿತು. ಅಲ್ಲಿಯವರೆಗೆ ಊರಿಗೆ ಮರಳುವವರು ‘ಗಾಲಿ’ಗೆ ಹೋಗಬೇಕಿತ್ತು. ಗಾಲಿ ಅಂದರೆ ಭೂಮಿ ಚಂದ್ರರ ನಡುವೆ ತಿರುಗುತ್ತ ತೇಲುವ ಒಂದು ದೊಡ್ಡ ಚಕ್ರ. ಅದರ ಅಂಚಿನೊಳಗೆ ಮನೆ ಮಾಡಿಕೊಂಡು ಇರಬೇಕು. ತಿರುಗುವ ವೇಗವನ್ನು ಮೆಲ್ಲನೆ ಏರಿಸುತ್ತ, ಮೈಗೆ ಭೂಮಿಯ ಭಾರವನ್ನು ದಿನಕ್ಕಿಷ್ಟು ಎಂದು ರೂಢಿ ಮಾಡಿಸಿ, ಆರು ತಿಂಗಳಾದ ಮೇಲೆ ಕೆಳಗೆ ಕಳಿಸುತ್ತಿದ್ದರು. ನೇರ ನೌಕೆಗೆ ಅಷ್ಟು ತಾಳ್ಮೆಯಿಲ್ಲ. ಮೂರು ದಿನದಲ್ಲಿ ಭೂಮಿ ಮುಟ್ಟುತ್ತದೆ. ಆದರೆ ಭೂಮಿಯ ಗಾಳಿಗೆ ಇಳಿಯುವಾಗ ಮೈಮೇಲೆ ಬೀಳುವ ಭಾರಕ್ಕೆ ಎದೆಗೂಡು ಗಟ್ಟಿಯಿರಬೇಕು, ಗುಂಡಿಗೆ ಗಟ್ಟಿಯಿರಬೇಕು. ಯಾರದು ಗಟ್ಟಿ, ಯಾರದು ಅಲ್ಲ? ಎಲುಬು ನೋಡುವ ಯಂತ್ರ ಕೆಟ್ಟು ಕೂತು ಬಹಳ ಕಾಲವಾಗಿತ್ತು, ಬಿಡಿಭಾಗ ಭೂಮಿಯಿಂದ ಬರಬೇಕು. ಅದಕ್ಕೇ ಮೇಲಿನವರು ಸುಲಭದ ನಿಯಮ ಮಾಡಿದರು: ಹಸಿರು ದೀಪದವರು ನೌಕೆ ಹತ್ತಬಹುದು, ಉಳಿದವರು ಗಾಲಿಗೆ.

ನೀಲಾಂಬಿಕಾಳದು ಇಪ್ಪತ್ನಾಲ್ಕು ದಾಟಿದ ಹಳದಿ. ದಿನವಿಡೀ ಕೂತು ಮಾಡುವ ಕೆಲಸ, ಮೇಲೆ ಅತ್ತೆಯ ಕೈಯ ಹೋಳಿಗೆ. ಅವಳಿಗದು ಗೊತ್ತೇ ಇತ್ತು. ಅಡಿವೆಪ್ಪನದು ಇಪ್ಪತ್ತೆರಡು ಚಿಲ್ಲರೆ, ಅಪ್ಪಟ ಹಸಿರು. ಮಗಳ ಮದುವೆಗೆ ಒಂದೇ ತಿಂಗಳಿತ್ತು. ಅಪ್ಪನಾದರೂ ಹೋಗಿ ತಲೆಯ ಮೇಲೆ ಅಕ್ಕಿಕಾಳು ಹಾಕಿ ಬರಲಿ ಎಂದು ಮನೆಯಲ್ಲಿ ತೀರ್ಮಾನವಾಯಿತು. ಆ ಸುದ್ದಿ ಕೇಳಿ ಇಂಚರಾ ತೆರೆಯ ಮೇಲೆ ಅತ್ತುಬಿಟ್ಟಳು. ಅಡಿವೆಪ್ಪ ಆಚೆ ತಿರುಗಿ ಮೂಗು ಒರೆಸಿಕೊಂಡ.

ಅಡಿವೆಪ್ಪನ ಅಂಕಿಗೂ ಒಂದು ಕಥೆಯಿದೆ. ಅವನು ಗದಗಿನ ಗರಡಿಯಲ್ಲಿ ಸಾಮು ತೆಗೆದ ಪೈಲ್ವಾನ. ಚಂದ್ರನಿಗೆ ಹೊರಡುವಾಗ ಅವನ ತೂಕ ಎಂಬತ್ತೆರಡು ಕಿಲೋ, ಅಂಕಿ ಇಪ್ಪತ್ತೇಳು. ಹಲಗೆ ಕೆಂಪು ದೀಪ ಹಚ್ಚಿತ್ತು. ಗೋಡೆಗೆ ಗುದ್ದಿದರೆ ಗೋಡೆಗೇ ನೋವಾಗುವಂಥ ಮೈ ಅದು. ಆದರೆ ಹಲಗೆಗೆ ಏನು ಗೊತ್ತು, ಅದಕ್ಕೆ ಕಿಲೋ ಅಂದರೆ ಕಿಲೋ. ತಿಂಗಳೂರಿನಲ್ಲಿ ಕೆಂಪಿನವರಿಗೆ ಬೇಳೆ ಕಾಳು ಕಡಿತ, ಮೇಲೆ ದಿನಾ ಓಟ. ಸಾಮು ಬೇಡವೆಂದರು, ಭಾರ ಎತ್ತಿದರೆ ಮಾಂಸ ಬೆಳೆದು ಅಂಕಿ ಏರುತ್ತದೆ ಎಂದು. ಅಲ್ಲದೆ ಚಂದ್ರನ ಮೇಲೆ ಸಾಮು ತೆಗೆದು ಏನು ಬಂತು? ಎಲ್ಲವೂ ಆರರಲ್ಲೊಂದು ಪಾಲು ಭಾರ, ಎತ್ತಿದ ಕಲ್ಲು ತಾನೇ ಮೇಲೇಳುತ್ತದೆ. ನಾಲ್ಕನೇ ವರ್ಷಕ್ಕೆ ಅವನ ದೀಪ ಹಸಿರಾಯಿತು. ಅಂದು ಅಡುಗೆಮನೆಯಲ್ಲಿ ಎಲ್ಲರೂ ಚಪ್ಪಾಳೆ ತಟ್ಟಿದರು. ಹಸಿರಿನವರಿಗೆ ಓಟದ ಕಡ್ಡಾಯವೂ ಇಲ್ಲ. ಅವನು ಅದನ್ನೂ ಬಿಟ್ಟ.

ನೀಲಾಂಬಿಕಾಳ ಅತ್ತೆ ಸಂಗವ್ವ ಊರಿನ ಅಡುಗೆಮನೆಯ ಯಜಮಾನಿ. ಅವಳ ಕೈಯ ರೊಟ್ಟಿಯ ತಟತಟ ಸದ್ದು ಚಂದ್ರನ ಮೇಲೂ ಗದಗಿನದೇ. ರೊಟ್ಟಿ ಮಾತ್ರ ಜೋರಾಗಿ ಬಡಿದರೆ ಕೈಬಿಟ್ಟು ಎದ್ದು ಹೋಗುತ್ತಿತ್ತು. ಮಗ ಹೊರಡುವ ಮಾತು ಬಂದಾಗ ಅವಳು ತನ್ನ ಹರಕೆ ಹೊರತೆಗೆದಳು. ಬರುವಾಗಲೇ ಹೊತ್ತುಕೊಂಡಿದ್ದಳಂತೆ: ಮಗ ನೆಟ್ಟಗೆ ಊರಿಗೆ ಹೊರಟ ದಿನ ಅವನ ತೂಕದ ಬೆಲ್ಲ ತೂಗಿಸಿ ಮಂದಿಗೆಲ್ಲ ಹಂಚುತ್ತೇನೆ ಎಂದು. ಗಾಜಿನ ಮನೆಯಲ್ಲಿ ಬೆಳೆದ ಕಬ್ಬು ಚಂದ್ರನ ಮೇಲೆ ತೆಂಗಿನೆತ್ತರ ಏರುತ್ತದೆ, ಬೆಲ್ಲಕ್ಕೆ ಕೊರತೆಯಿಲ್ಲ. ತಕ್ಕಡಿ ಬೇಕು, ಅಷ್ಟೆ ಎಂದಳು.

ತುಲಾಭಾರದ ಬೆಳಗ್ಗೆ ಅಡಿವೆಪ್ಪ ಎಣ್ಣೆ ನೀರು ಹಾಕಿಕೊಂಡು ಬಂದ. ಅವರ ಮನೆಯಲ್ಲಿ ಶುಭ ಕಾರ್ಯವಿದ್ದರೆ ಗಂಡಸರು ಹಳೆಯ ಉಡದಾರ ತೆಗೆದು ಹೊಸದು ಕಟ್ಟುವುದು ರೂಢಿ. ನೀಲಾಂಬಿಕಾ ಹಳೆಯ ಕರಿ ದಾರವನ್ನು ಅಳತೆಗಿಟ್ಟುಕೊಂಡು ಹೊಸದನ್ನು ಕತ್ತರಿಸಹೊರಟಳು. ಹಳೆಯದರಲ್ಲಿ ಒಂದು ಕಡೆ ಬೇರೆ ದಾರದ ತುಂಡು ಸೇರಿಸಿ ಗಂಟು ಹಾಕಿತ್ತು. ಸಾಲದೆ ಬಂದಿತ್ತು ಎಂದು ಅಡಿವೆಪ್ಪನೇ ಹೇಳಿ, ಹೊಸದನ್ನು ನಾಲ್ಕು ಬೆರಳು ಉದ್ದ ಬಿಡು ಎಂದ. ಅಂಕಿ ಇಳಿದವನ ನಡು ಹೇಗೆ ಬೆಳೆಯಿತು ಎಂದು ಅವಳಿಗೆ ಒಂದು ಗಳಿಗೆ ಅನ್ನಿಸಿತು. ಅಷ್ಟರಲ್ಲಿ ಸಂಗವ್ವ ಹೊರಗಿನಿಂದ ಕೂಗಿದಳು, ಅವಳು ದಾರ ಕತ್ತರಿಸಿ ಕೊಟ್ಟು ಎದ್ದಳು.

ತಕ್ಕಡಿ ತೂಗುಹಾಕಲು ಗಟ್ಟಿ ತೊಲೆ ಇದ್ದದ್ದು ನೀರುಮನೆಯಲ್ಲಿ ಮಾತ್ರ. ಮಂಜು ಕರಗಿಸಿ, ಇನ್ನೂ ಸೋಸದ ನೀರನ್ನು ನಿಲ್ಲಿಸುವ ದೊಡ್ಡ ತೊಟ್ಟಿ ಅಲ್ಲಿದೆ. ಅದರ ದಂಡೆಯ ಮೇಲೆ ಎರಡು ತಟ್ಟೆಗಳನ್ನು ಹಗ್ಗ ಕಟ್ಟಿ ಇಳಿಬಿಟ್ಟರು. ಅಂಗಿ, ಬೂಟು, ಕೈಗಡಿಯಾರ ಎಲ್ಲ ತೆಗೆದು, ಬರೀ ಪಂಚೆಯುಟ್ಟು ಅಡಿವೆಪ್ಪ ಒಂದು ತಟ್ಟೆಯಲ್ಲಿ ಕೂತ. ಉಗ್ರಾಣದ ಮೌಲಾಸಾಬ ಬೆಲ್ಲ ತಂದಿದ್ದ. ಚಂದ್ರನ ಮೇಲೆ ಮನುಷ್ಯ ಆರರಲ್ಲೊಂದು ಪಾಲಷ್ಟೇ ತೂಗುತ್ತಾನಲ್ಲ ಎಂದು ಲೆಕ್ಕ ಹಾಕಿ ಅವನು ತಂದದ್ದು ಒಂದೇ ಬುಟ್ಟಿ. ಅಚ್ಚುಗಳನ್ನು ಒಂದೊಂದಾಗಿ ಇಟ್ಟ. ಬುಟ್ಟಿ ಬರಿದಾಯಿತು. ತಟ್ಟೆ ಮಿಸುಕಲಿಲ್ಲ.

ಮಂದಿ ಒಬ್ಬರ ಮುಖ ಒಬ್ಬರು ನೋಡಿದರು. ಊರಿನ ಮೇಲಧಿಕಾರಿ ಕೌಶಿಕ್ ರಾವ್, ಮೈಸೂರಿನವರು, ತಕ್ಕಡಿ ಎಲ್ಲೋ ಸಿಕ್ಕಿಕೊಂಡಿದೆ ಎಂದು ತೊಲೆಯತ್ತ ಕತ್ತೆತ್ತಿದರು. ನೀಲಾಂಬಿಕಾ ನಕ್ಕುಬಿಟ್ಟಳು. ನಮ್ಮ ಹಲಗೆಯೊಳಗೆ ಸ್ಪ್ರಿಂಗ್ ಇದೆ, ಅದು ಚಂದ್ರ ಎಷ್ಟು ಎಳೆಯುತ್ತಾನೆ ಎಂಬುದನ್ನು ಅಳೆಯುತ್ತದೆ, ಆಮೇಲೆ ಆರರಿಂದ ಗುಣಿಸಿ ನಮಗೆ ಕಿಲೋ ಹೇಳುತ್ತದೆ ಎಂದು ಬಿಡಿಸಿ ಹೇಳಿದಳು. ತಕ್ಕಡಿಗೆ ಆ ಗೊಡವೆಯಿಲ್ಲ. ಚಂದ್ರ ಅಡಿವೆಪ್ಪನನ್ನು ಎಷ್ಟು ಮೆತ್ತಗೆ ಎಳೆಯುತ್ತಾನೋ ಬೆಲ್ಲವನ್ನೂ ಅಷ್ಟೇ ಮೆತ್ತಗೆ ಎಳೆಯುತ್ತಾನೆ. ಆದ್ದರಿಂದ ಗದಗಿನಲ್ಲಿ ಎಷ್ಟು ಬೆಲ್ಲ ಹಿಡಿಯುತ್ತಿತ್ತೋ ಇಲ್ಲಿಯೂ ಅಷ್ಟೇ ಹಿಡಿಯಬೇಕು.

ಮೌಲಾಸಾಬ ತಲೆ ಕೆರೆದುಕೊಳ್ಳುತ್ತ ಓಡಿ, ಮತ್ತೆ ಮತ್ತೆ ಬುಟ್ಟಿ ತಂದ. ಬೆಲ್ಲದ ರಾಶಿ ಏರಿತು. ಎಪ್ಪತ್ತು ಕಿಲೋ ಆದಾಗ ಅಡಿವೆಪ್ಪನ ತಟ್ಟೆ ದಂಡೆ ಬಿಟ್ಟು ಮೇಲೆದ್ದಿತು. ಆ ಊರಿನಲ್ಲಿ ಎಲ್ಲವೂ ನಿಧಾನ. ತಟ್ಟೆಗಳು ಏರಿ, ಇಳಿದು, ಮತ್ತೆ ಏರಿ, ಬಹಳ ಹೊತ್ತು ತೂಗಾಡಿ ಕೊನೆಗೆ ಸಮಕ್ಕೆ ಬಂದು ನಿಂತವು. ಕಿಟಕಿಯಾಚೆ ಭೂಮಿ ಕೂತಿತ್ತು. ಯಾವ ಕಾಲದಲ್ಲೋ ಯಾರೋ ಒಂದು ಕೋಲಿನ ನಡುವಿಗೆ ಹಗ್ಗ ಕಟ್ಟಿ ಕಂಡುಕೊಂಡ ನ್ಯಾಯ ಇಲ್ಲಿಗೂ ಬಂದು ಹಾಗೇ ನಿಂತಿದೆಯಲ್ಲ ಎಂದು ನೀಲಾಂಬಿಕಾಳ ಮೈ ಜುಮ್ಮೆಂದಿತು. ಸಂಗವ್ವ ಕೈಮುಗಿದು ಕಣ್ಣು ಮುಚ್ಚಿಕೊಂಡಿದ್ದಳು.

ಮಂದಿ ಕೇಕೆ ಹಾಕಿದರು. ಹಳೆಯ ಪೈಲ್ವಾನನಿಗೆ ಅಷ್ಟು ಸಾಕು, ಎದ್ದು ನಿಂತು ತೊಡೆ ತಟ್ಟಿದ. ತಟ್ಟೆ ಓಲಾಡಿತು, ಹಗ್ಗ ಹೆಣೆದುಕೊಂಡಿತು, ನೋಡನೋಡುತ್ತ ಅವನು ಅವಸರವೇ ಇಲ್ಲದವನಂತೆ ತೊಟ್ಟಿಯೊಳಗೆ ಬಿದ್ದ. ಚಂದ್ರನ ಮೇಲೆ ನೀರು ಸಿಡಿಯುವುದನ್ನು ಕಣ್ಣಾರೆ ಕಾಣಬೇಕು. ಮನೆಯೆತ್ತರದ ನೀರ ಗೋಡೆ ಎದ್ದಿತು, ಮೇಲೆ ಹೋಗಿ ದೊಡ್ಡ ದೊಡ್ಡ ಉಂಡೆಗಳಾಗಿ ಒಡೆದು, ದೀಪದ ಬೆಳಕಿನಲ್ಲಿ ಹೊಳೆಯುತ್ತ, ಬೀಳಲೋ ಬೇಡವೋ ಎಂಬಂತೆ ಮೆಲ್ಲಗೆ ಇಳಿಯಿತು. ಜನ ಬಾಯಿ ತೆರೆದು ಅದನ್ನೇ ನೋಡುತ್ತಿದ್ದರು. ನೀಲಾಂಬಿಕಾ ಮಾತ್ರ ಗಂಡನನ್ನು ನೋಡುತ್ತಿದ್ದಳು.

ಅಡಿವೆಪ್ಪ ನೀರಿನ ಮೇಲೆ ಅಂಗಾತ ತೇಲುತ್ತಿದ್ದ. ಕೈ ಬಡಿಯುತ್ತಿರಲಿಲ್ಲ, ಕಾಲು ಆಡಿಸುತ್ತಿರಲಿಲ್ಲ. ಹೊಟ್ಟೆ ಮೇಲೆ ಮಾಡಿಕೊಂಡು, ಬಾಯಿತುಂಬ ನಗುತ್ತ, ಸುಮ್ಮನೆ ಮಲಗಿದ್ದ.

ಮದುವೆಯಾದ ವರ್ಷ ಅವಳ ತವರಿನ ಬಾವಿಯಲ್ಲಿ ಇದೇ ಗಂಡ ಕಲ್ಲಿನಂತೆ ತಳ ಕಂಡಿದ್ದ. ಭಾವಮೈದುನರೆಲ್ಲ ಈಸು ಕಲಿಸುತ್ತೇವೆಂದು ಇಳಿಸಿ, ಉಸಿರು ಬಿಟ್ಟ ಕೂಡಲೇ ಮುಳುಗಿದವನನ್ನು ಹಗ್ಗ ಹಾಕಿ ಎಳೆದಿದ್ದರು. ಪೈಲ್ವಾನನಿಗೆ ನೀರು ಒಲಿಯುವುದಿಲ್ಲ ಎಂದು ಊರೆಲ್ಲ ನಗೆಯಾಗಿತ್ತು. ಮಾಂಸಖಂಡವೂ ಎಲುಬೂ ನೀರಿಗಿಂತ ಭಾರ, ಕೊಬ್ಬು ನೀರಿಗಿಂತ ಹಗುರ. ಚಂದ್ರನ ಎಳೆತ ಕಡಿಮೆಯೆಂದು ತೇಲಿದ ಎನ್ನುವಂತಿಲ್ಲ. ತಕ್ಕಡಿಯ ನ್ಯಾಯವೇ ನೀರಿಗೂ; ಮನುಷ್ಯ ಎಷ್ಟು ಹಗುರಾಗುತ್ತಾನೋ ಅವನನ್ನು ಎತ್ತಿಹಿಡಿಯುವ ನೀರೂ ಅಷ್ಟೇ ಹಗುರಾಗಿರುತ್ತದೆ. ಭೂಮಿಯ ಮೇಲೆ ಮುಳುಗುವವನು ಇಲ್ಲಿಯೂ ಮುಳುಗಲೇಬೇಕು. ಹಾಗಾದರೆ ಈ ತೇಲುತ್ತಿರುವವನು ಯಾರು? ಬೆಳಗ್ಗೆ ಕತ್ತರಿಸಿದ ದಾರದ ನಾಲ್ಕು ಬೆರಳು ನೀಲಾಂಬಿಕಾಳಿಗೆ ಆಗ ನೆನಪಾಯಿತು.

ಬೆಲ್ಲ ಹಂಚಬೇಡಿರಿ, ಹಾಗೇ ಇರಲಿ ಎಂದು ಅವಳು ತಡೆದಳು. ಗಂಡನನ್ನು ಅದೇ ತಟ್ಟೆಯಲ್ಲಿ ಕೂರಿಸಿ, ಹಗ್ಗ ಉದ್ದ ಮಾಡಿ, ಈ ಸಲ ತಟ್ಟೆಯನ್ನೇ ನೀರೊಳಗೆ ಇಳಿಸಿದಳು. ಉಸಿರನ್ನೆಲ್ಲ ಹೊರಗೆ ಬಿಟ್ಟು ತಲೆ ಮುಳುಗಿಸಿ ಕೂರಲು ಹೇಳಿದಳು. ಒದ್ದೆ ಹಗ್ಗ ಮತ್ತು ತಟ್ಟೆಯ ಭಾರಕ್ಕೆ ಎದುರು ಕಲ್ಲು ಕಟ್ಟಿ ಸರಿಮಾಡಿ, ಆಚೆ ತಟ್ಟೆಯ ಬೆಲ್ಲವನ್ನು ತೆಗೆಯಲು ಹಚ್ಚಿದಳು. ರಾಶಿ ಕರಗುತ್ತ ಬಂತು. ಗರಡಿಯಲ್ಲಿದ್ದ ಕಾಲದ ಅಡಿವೆಪ್ಪನಾಗಿದ್ದರೆ ನೀರೊಳಗೂ ನಾಲ್ಕು ಕಿಲೋ ತೂಗಬೇಕಿತ್ತು. ಮೌಲಾಸಾಬ ತೆಗೆಯುತ್ತ ತೆಗೆಯುತ್ತ ಕೊನೆಗೆ ತಟ್ಟೆಯಲ್ಲಿ ಅರ್ಧ ಕಿಲೋದ ಒಂದೇ ಒಂದು ಅಚ್ಚು ಉಳಿಯಿತು. ತಕ್ಕಡಿ ಸಮವಾಯಿತು.

ಒಂದು ಅಚ್ಚು ಬೆಲ್ಲ ಒಂದು ಕಡೆ, ಆರಡಿ ಹತ್ತಿರದ ಗಂಡಸು ಒಂದು ಕಡೆ. ಭಯವೋ ಬೆರಗೋ ತಿಳಿಯದೆ ನೀಲಾಂಬಿಕಾ ಆ ಅಚ್ಚನ್ನೇ ನೋಡುತ್ತ ನಿಂತಳು. ಒಳಗಿರುವುದನ್ನು ಕೊಯ್ಯದೆ, ಚುಚ್ಚದೆ, ಬರೀ ನೀರು ಮತ್ತು ಕೋಲು ಸೇರಿ ಹೇಳಿಬಿಟ್ಟಿದ್ದವು.

ಒಳಕೋಣೆಗೆ ಹೋಗಿ ಲೆಕ್ಕ ಹಾಕಿದಳು, ತಪ್ಪಿರಲಿ ಎಂದು ಆಸೆಪಟ್ಟು ಇನ್ನೊಮ್ಮೆ ಹಾಕಿದಳು. ಭೂಮಿಯಿಂದ ಬಂದಾಗ ಗಂಡನ ಮೈಯಲ್ಲಿ ಕೊಬ್ಬು ಹನ್ನೊಂದು ಕಿಲೋದ ಹತ್ತಿರ, ಈಗ ಇಪ್ಪತ್ಮೂರು. ಮಾಂಸ, ಎಲುಬು ಸೇರಿ ಇಪ್ಪತ್ತಕ್ಕೂ ಹೆಚ್ಚು ಕಿಲೋ ಮಾಯವಾಗಿತ್ತು. ಹೋದದ್ದು ಜಾಸ್ತಿ, ಬಂದದ್ದು ಕಡಿಮೆ, ಹಲಗೆಗೆ ಕಂಡದ್ದು ನಡುವಿನ ಹನ್ನೆರಡು ಕಿಲೋ ಇಳಿಕೆ ಮಾತ್ರ. ಮೇಲೆ, ಭಾರವಿಲ್ಲದ ಊರಿನಲ್ಲಿ ಬೆನ್ನೆಲುಬು ಸಡಿಲಾಗಿ ಅವನು ಎರಡು ಸೆಂಟಿಮೀಟರ್ ಉದ್ದವಾಗಿದ್ದ. ಅದೂ ಅಂಕಿಯನ್ನು ಇಳಿಸಿತ್ತು. ಇಪ್ಪತ್ತೇಳಿದ್ದಾಗ ಗಂಡ ಗಟ್ಟಿಯಿದ್ದ, ಇಪ್ಪತ್ತೆರಡಕ್ಕೆ ಇಳಿದಾಗ ಒಳಗಿಂದ ಟೊಳ್ಳಾಗಿದ್ದ. ಅಂಕಿ ಸುಳ್ಳು ಹೇಳಿರಲಿಲ್ಲ. ಎಷ್ಟು ಎಂದು ಕೇಳಿದ್ದಕ್ಕೆ ಎಷ್ಟು ಎಂದು ಹೇಳಿತ್ತು. ಏನು ಎಂದು ಅದನ್ನು ಯಾರೂ ಕೇಳಿರಲಿಲ್ಲ, ಕೇಳಿದ್ದರೂ ಅದಕ್ಕೆ ಗೊತ್ತಿರಲಿಲ್ಲ.

ಈ ಎದೆಗೂಡಿನಿಂದ ನೇರ ನೌಕೆಯಲ್ಲಿ ಇಳಿದರೆ ಬದುಕುವುದು ಅನುಮಾನ.

ಮನೆಗೆ ಬಂದು ಹೇಳಿದಾಗ ಅಡಿವೆಪ್ಪ ಮೊದಲು ನಕ್ಕ. ಆಮೇಲೆ ಅವಳ ಮುಖ ನೋಡಿ ನಗೆ ನಿಲ್ಲಿಸಿದ. ಮಗಳಿಗೆ ಒಯ್ಯಲೆಂದು ಕಟ್ಟಿಟ್ಟಿದ್ದ ಗಂಟನ್ನು ಕಾಲಿನಿಂದ ಆಚೆ ನೂಕಿದ.

“ನಾಕ ವರ್ಷ ಅಂಕಿ ಇಳಸ್ರಿ, ಇಳಸ್ರಿ ಅಂದಿ. ಇಳಿಸೀನಿ. ಈಗ ಹಸರ ದೀಪ ಹತ್ತೇತಿ, ಹೋಗಬ್ಯಾಡ ಅಂತೀ. ಮಗಳಿಗೆ ಏನಂತ ಹೇಳ್ಲಿ ನೀಲಾ?”

“ಅಂಕಿ ಇಳದದ್ದು ಖರೇ ರೀ. ಕೊಬ್ಬು ಇಳೀಲಿಲ್ಲ, ನೀವ ಇಳದ್ರಿ.” ಅವಳು ಆ ಗಂಟನ್ನು ಎತ್ತಿ ಪಕ್ಕಕ್ಕಿಟ್ಟಳು. “ನೌಕಿ ಭೂಮಿ ಮುಟ್ಟತೈತಿ. ನೀವು ಮುಟ್ಟೂದಿಲ್ಲ.”

ಅವನು ಕೇಳಿಸಿಕೊಳ್ಳುವ ಸ್ಥಿತಿಯಲ್ಲಿರಲಿಲ್ಲ. ತಾನು ಆರಾಮಾಗಿದ್ದೇನೆ, ದಿನಾ ಮಂಜು ಅಗೆಯುತ್ತೇನೆ, ಒಂದು ಕೆಮ್ಮೂ ಇಲ್ಲ ಎಂದ. ಮಗಳ ತಲೆಯ ಮೇಲೆ ಅಕ್ಕಿಕಾಳು ಹಾಕಿ ಅಲ್ಲೇ ಸತ್ತರೂ ಚಿಂತೆಯಿಲ್ಲ ಎಂದ. ಆ ಮಾತಿಗೆ ಒಳಗಿದ್ದ ಸಂಗವ್ವ ರೊಟ್ಟಿ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು. ಮಗನ ಎದುರು ನಿಂತು, ಅವನ ನಡುವಿನ ಹೊಸ ಉಡದಾರವನ್ನು ಬೆರಳಿನಿಂದ ಮುಟ್ಟಿ ನೋಡಿದಳು.

“ಅಂದು ಬೀಗರ ಬಾವ್ಯಾಗ ಮುಳುಗಿದಾಗ ಅತ್ತಿದ್ನಪಾ,” ಎಂದಳು. “ಇವತ್ತು ತೇಲಿದ್ದಕ್ಕ ಅಳೂ ಹಂಗಾತು.”

ಅಡಿವೆಪ್ಪ ಗೋಡೆಗೆ ಒರಗಿ ಕೂತುಬಿಟ್ಟ.

ಕೌಶಿಕ್ ರಾವ್ ಕೆಟ್ಟ ಮನುಷ್ಯರಲ್ಲ, ನಿಯಮದ ಮನುಷ್ಯರು. ನೌಕೆ ಮೊದಲ ಸಲ ಬರುತ್ತಿದೆ, ಖಾಲಿ ಕಳಿಸಿದರೆ ಮತ್ತೆ ಬರುತ್ತದೋ ಇಲ್ಲವೋ ಎಂಬ ಚಿಂತೆ ಅವರದು. “ಅಂಕಿ ಹಸಿರಿದೆ ನೀಲಾಂಬಿಕಾ,” ಎಂದರು. “ಸಂಭ್ರಮದಲ್ಲಿ ನೀರಿಗೆ ಬಿದ್ದು ತೇಲಿದ್ರು ಅಂತ ಒಬ್ಬರ ಸೀಟು ರದ್ದು ಮಾಡೋಕಾಗತ್ತಾ?” ಗಂಡ ದೂರವಾಗುತ್ತಾನೆಂಬ ಸಂಕಟಕ್ಕೆ ಹೀಗೆಲ್ಲ ತೋರುತ್ತಿರಬಹುದು ಎಂದೂ ಮೆತ್ತಗೆ ಸೇರಿಸಿದರು. ನೀಲಾಂಬಿಕಾ ಸಿಟ್ಟು ನುಂಗಿಕೊಂಡಳು. ತನ್ನ ಗಂಡನ ಮಾತು ಬಿಡಿ, ನೌಕೆ ಹತ್ತುವ ಹಸಿರಿನವರನ್ನೆಲ್ಲ ಒಮ್ಮೆ ತೊಟ್ಟಿಗೆ ಇಳಿಸಿ, ಅವರೆಲ್ಲ ಮುಳುಗಿದರೆ ಎಲ್ಲರಿಗೂ ತಾನೇ ಸಹಿ ಹಾಕುತ್ತೇನೆ, ಗಂಡನಿಗೂ ಹಾಕುತ್ತೇನೆ ಎಂದಳು.

ಮರುದಿನ ನೀರುಮನೆಯಲ್ಲಿ ಜಾತ್ರೆಯಷ್ಟು ಮಂದಿ. ತೋರಿಸಿಕೊಡಲು ಮೊದಲು ನೀಲಾಂಬಿಕಾಳೇ ಇಳಿದಳು, ಬೆಂಡಿನಂತೆ ತೇಲಿದಳು. ಅವಳ ಮಟ್ಟಿಗೆ ಹಳದಿ ದೀಪ ಹೇಳಿದ್ದೆಲ್ಲ ನಿಜವಾಗಿತ್ತು. ಮಂದಿ ನಕ್ಕರು, ಅವಳೂ ನಕ್ಕಳು. ಆಮೇಲೆ ಹಸಿರಿನವರು ಒಬ್ಬೊಬ್ಬರಾಗಿ ತಟ್ಟೆಯಲ್ಲಿ ಕೂತರು. ಮೈಯನ್ನು ನೆಲಕ್ಕೆಳೆಯುವ ರಬ್ಬರ್ ಪಟ್ಟಿ ಬಿಗಿದುಕೊಂಡು ತಪ್ಪದೆ ದಂಡ, ಬೈಠಕ್ ಹೊಡೆಯುತ್ತಿದ್ದ ಕೆಲವರು ಗುಳುಕ್ಕನೆ ಇಳಿದರು, ಅವರಿಗೆ ಏಳೆಂಟು ಅಚ್ಚು ಬೆಲ್ಲ ಬೇಕಾಯಿತು. ಉಳಿದವರು ತೇಲಿದರು. ಬಡಕಲು ಕೈಕಾಲಿನ, ನೋಡಿದರೆ ಗಾಳಿಗೆ ಹಾರುವಂತಿದ್ದ ಗುಮಾಸ್ತನೊಬ್ಬ ಎರಡು ಬಾರಿ ಉಸಿರು ಬಿಟ್ಟರೂ ಮುಳುಗದೆ, ನಾಚಿಕೆಯಿಂದ ದಂಡೆ ಹಿಡಿದುಕೊಂಡ. ಹಸಿರು ಸಿಕ್ಕವರಲ್ಲಿ ಅರ್ಧಕ್ಕರ್ಧ ಜನರ ಮೈ ಅವರಿಗೇ ಗೊತ್ತಿಲ್ಲದೆ ಬದಲಾಗಿಹೋಗಿತ್ತು. ನಗುವವರು ನಗುವುದನ್ನು ಬಿಟ್ಟಿದ್ದರು.

ಎಲ್ಲರದೂ ಆದ ಮೇಲೆ ಕೌಶಿಕ್ ರಾವ್ ಬೂಟು ಬಿಚ್ಚಿದರು. ಅವರದೂ ಹಸಿರು, ಇಪ್ಪತ್ತೊಂದು. ಕನ್ನಡಕ ತೆಗೆದು ಮೌಲಾಸಾಬನ ಕೈಗೆ ಕೊಟ್ಟು ತೊಟ್ಟಿಗಿಳಿದರು. ತೇಲಿದರು. ಮೇಲೆ ಬಂದು ಒದ್ದೆ ಬಟ್ಟೆಯಲ್ಲೇ ಒಳಕೋಣೆಗೆ ನಡೆದು, ಹೊಸ ನಿಯಮ ಬರೆಸಿದರು: ಅಂಕಿ ಇರಲಿ, ಆದರೆ ಅಂಕಿಯ ಜೊತೆಗೆ ನಡುವಿನ ಸುತ್ತಳತೆ, ಅದರ ಜೊತೆಗೆ ನೀರಿನ ತಕ್ಕಡಿ. ನೌಕೆ ಅರ್ಧ ಖಾಲಿ ಹೋಯಿತು. ಮತ್ತೆ ಬಂದೇ ಬಂತು ಅನ್ನಿ.

ಅಡಿವೆಪ್ಪ ಗಾಲಿಗೆ ಹೊರಟ. ಹೊರಡುವ ದಿನ ಹೆಂಡತಿಯ ಕಡೆ ನೋಡಲಿಲ್ಲ. ಬಾಗಿಲು ಮುಚ್ಚುವಾಗ ಮಾತ್ರ ಇತ್ತ ತಿರುಗಿ, ಅವ್ವನನ್ನು ನೋಡಿಕೋ ಎಂದ.

ಮದುವೆಯ ಮುಹೂರ್ತ ಕಾಯಲಿಲ್ಲ, ಕಾಯುವಂತೆಯೂ ಇರಲಿಲ್ಲ. ಹುಬ್ಬಳ್ಳಿಯ ಕಲ್ಯಾಣ ಮಂಟಪದಲ್ಲಿ ಒಂದು ತೆರೆ ಹಚ್ಚಿದ್ದರು. ಅದರಲ್ಲಿ ಒಂದು ಪಕ್ಕ ಚಂದ್ರನಿಂದ ತಾಯಿ ಮತ್ತು ಅಜ್ಜಿ, ಇನ್ನೊಂದು ಪಕ್ಕ ಗಾಲಿಯಿಂದ ತಂದೆ. ಗಟ್ಟಿಮೇಳ ಕೇಳಿದ ಕೂಡಲೇ ಅಡಿವೆಪ್ಪ ಹಿಡಿ ತುಂಬ ಅಕ್ಕಿಕಾಳು ಎರಚಿದ. ತಿರುಗುವ ಮನೆಯಲ್ಲಿ ಯಾವುದೂ ನೆಟ್ಟಗೆ ಬೀಳುವುದಿಲ್ಲ; ಕಾಳುಗಳು ಗಾಳಿಯಲ್ಲಿ ಓರೆಯಾಗಿ ಹೊರಳಿ ಅವನದೇ ಹೆಗಲ ಮೇಲೆ ಬಿದ್ದವು. ಇಂಚರಾ ತೆರೆಯತ್ತ ತಲೆ ಬಾಗಿಸಿ, ಅದು ತನ್ನ ಮೇಲೆ ಬಿತ್ತು ಎಂಬಂತೆ ಕಣ್ಣು ಮುಚ್ಚಿಕೊಂಡಳು. ನೀಲಾಂಬಿಕಾ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತಳು. ತಾನು ಕಸಿದುಕೊಂಡದ್ದು ಏನು ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಆಮೇಲಿನ ತಿಂಗಳುಗಳಲ್ಲಿ ಗಾಲಿಯಿಂದ ಪತ್ರವಿಲ್ಲ, ಮಾತಿಲ್ಲ. ವಾರಕ್ಕೊಮ್ಮೆ ಅಂಕಿ ಮಾತ್ರ ಬರುತ್ತಿತ್ತು. ಅಲ್ಲಿ ಬೇಳೆ ಕಾಳಿಗೆ ಕಡಿತವಿರಲಿಲ್ಲ, ಸಾಮಿಗೆ ತಡೆಯಿರಲಿಲ್ಲ, ನೀಲಾಂಬಿಕಾಳ ಹಟಕ್ಕೆ ಒಂದು ನೀರಿನ ತೊಟ್ಟಿಯನ್ನೂ ಕಟ್ಟಿಸಿದ್ದರು. ಅಡಿವೆಪ್ಪನ ಅಂಕಿ ಇಪ್ಪತ್ತೆರಡರಲ್ಲೇ ಕೆಲವು ವಾರ ನಿಂತಿತ್ತು. ಆಮೇಲೆ ಅಲುಗಿತು. ಬೆನ್ನೆಲುಬು ಭಾರಕ್ಕೆ ಮತ್ತೆ ಕುಳಿತು ಎತ್ತರ ತುಸು ಕುಗ್ಗಿತು, ತೂಕ ಏರಿತು, ನಡುವಿನ ಅಳತೆ ಇಳಿಯಿತು. ಅಂಕಿ ಇಪ್ಪತ್ಮೂರು ದಾಟಿ ಹಳದಿಯಾದ ದಿನ ಒಳಕೋಣೆಯಲ್ಲಿದ್ದ ಹೊಸ ಹುಡುಗಿ ಅಯ್ಯೋ ಪಾಪ ಎಂದಳು. ನೀಲಾಂಬಿಕಾ ಅವಳಿಗೆ ಒಂದು ಲೋಟ ಹೆಚ್ಚು ಚಹಾ ಕೊಡಿಸಿದಳು.

ಇಪ್ಪತ್ತೈದು ದಾಟಿ ಕೆಂಪು ದೀಪ ಹತ್ತಿದ ವಾರ ಅಂಕಿಯ ಕೆಳಗೆ ಒಂದು ಸಾಲು ಬಂದಿತ್ತು. ಅಡಿವೆಪ್ಪನ ಮೊದಲ ಮಾತು. ನೀಲಾಂಬಿಕಾ ಓದಿದಳು, ಎದ್ದಳು, ಕಿಟಕಿಗೆ ಹಣೆ ಹಚ್ಚಿ ನಿಂತಳು. ಭೂಮಿ ಆ ಹೊತ್ತು ಅರ್ಧ ಬೆಳಗಿತ್ತು. ಅದರ ಮತ್ತು ತನ್ನ ನಡುವೆ ಎಲ್ಲೋ ಒಂದು ಗಾಲಿ ತಿರುಗುತ್ತಿದೆ, ಅದರೊಳಗೆ ಒಬ್ಬ ಮನುಷ್ಯ ಕಳೆದುಹೋದ ತನ್ನ ಮೈಯನ್ನು ಮತ್ತೆ ಕಟ್ಟಿಕೊಂಡಿದ್ದಾನೆ ಎಂದು ನೆನೆದಳು. ಸೀದಾ ಅಡುಗೆಮನೆಗೆ ನಡೆದಳು.

ಸಂಗವ್ವ ಒಲೆಯ ಮುಂದಿದ್ದಳು. ತುಲಾಭಾರದ ದಿನ ನೀರಿನ ತಕ್ಕಡಿಯಲ್ಲಿ ಉಳಿದಿದ್ದ ಆ ಒಂದು ಅಚ್ಚು ಬೆಲ್ಲವನ್ನು ಅವಳು ಯಾರಿಗೂ ಕೊಡದೆ, ಹರಕೆ ಇನ್ನೂ ತೀರಿಲ್ಲ ಎಂದು ಗೂಡಿನಲ್ಲಿ ಎತ್ತಿಟ್ಟಿದ್ದಳು. ಸೊಸೆಯ ಮುಖ ನೋಡಿ, ಏನಂತ ಬಂತು ಎಂದು ಕೇಳಿದಳು.

“ನಾ ಇವತ್ತ ಮುಳುಗಿದೆ ಅಂತ ಬರದಾರ ಅತ್ತಿ.”

ಮುದುಕಿ ಕೈ ತೊಳೆದುಕೊಂಡು, ಗೂಡಿನಿಂದ ಅಚ್ಚನ್ನು ಇಳಿಸಿ, ಒರಳಕಲ್ಲಿನ ಅಂಚಿಗೆ ಬಡಿದು ಒಡೆದಳು. ಮೊದಲ ಚೂರನ್ನು ಸೊಸೆಯ ಬಾಯಿಗೆ ಹಾಕಿದಳು.